ಪ್ರವೇಶದ ನಂತರದ ಪ್ರಶ್ನೆ: ಉನ್ನತ ಶಿಕ್ಷಣ ಮತ್ತು ವಿಕಲಚೇತನ ವಿದ್ಯಾರ್ಥಿಗಳು



ವಿಕಲಚೇತನರ ಉನ್ನತ ಶಿಕ್ಷಣವನ್ನು ಕುರಿತು ವಿಚಾರ ಮಾಡುವಾಗ ಎರಡು ಪ್ರಶ್ನೆಗಳು ಏಳುತ್ತವೆ. ಕಾಲೇಜಿನಲ್ಲಿ ಅವರಿಗೆ ಸ್ಥಾನ ದೊರೆಯುವುದೇ ಎಂಬುದು ಮೊದಲನೆಯದು. ಸ್ಥಾನ ದೊರೆತ ಬಳಿಕ ಪಾಠವು ಅವರನ್ನು ತಲಪುವುದೇ ಎಂಬುದು ಎರಡನೆಯದು.

ಮೊದಲ ಪ್ರಶ್ನೆಗೆ ಕಾನೂನು ಸ್ಪಷ್ಟವಾಗಿ ಉತ್ತರಿಸಿದೆ. 1995ರ ಅಧಿನಿಯಮವು ಶೇಕಡ 3ರಷ್ಟು ಸ್ಥಾನಗಳನ್ನು ಕಾಯ್ದಿರಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಈ ಪ್ರಮಾಣವನ್ನು ಕನಿಷ್ಠ ಶೇಕಡ 5ಕ್ಕೆ ಏರಿಸಿತು. ಶೇಕಡ 40 ಅಥವಾ ಹೆಚ್ಚಿನ ವೈಕಲ್ಯವುಳ್ಳವರು ಇದಕ್ಕೆ ಅರ್ಹರು. ಅವರಿಗೆ ಪ್ರವೇಶದ ಗರಿಷ್ಠ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆಯೂ ಉಂಟು.

ಎರಡನೆಯ ಪ್ರಶ್ನೆಯ ಉತ್ತರವನ್ನು ತರಗತಿಯಲ್ಲಿ ಹುಡುಕಬೇಕು. ಚೆನ್ನೈ ನಗರದ ಪ್ರೆಸಿಡೆನ್ಸಿ ಕಾಲೇಜು ಈ ಶತಮಾನದ ಮೊದಲ ದಶಕದಲ್ಲಿಯೇ ಶ್ರವಣದೋಷವುಳ್ಳವರಿಗಾಗಿ ಪ್ರತ್ಯೇಕ ಪದವಿ ತರಗತಿಗಳನ್ನು ಆರಂಭಿಸಿತು. 2010ರಲ್ಲಿ ಕೋಟ್ಟೂರುಪುರದಲ್ಲಿ ತೆರೆದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದಲ್ಲಿ ಬ್ರೈಲ್ ವಿಭಾಗವಿದೆ. ಮದರಾಸಿನ ಐ.ಐ.ಟಿ.ಯಲ್ಲಿ ಸಿದ್ಧವಾಗಿ 2019ರಲ್ಲಿ ಬಿಡುಗಡೆಯಾದ 'ಅರೈಸ್' ಗಾಲಿಕುರ್ಚಿಯು ಕುಳಿತವರನ್ನು ಎದ್ದು ನಿಲ್ಲುವಂತೆ ಮಾಡುತ್ತದೆ. ಇಂತಹ ಅನುಕೂಲಗಳು ಕೆಲವೇ ಸಂಸ್ಥೆಗಳಿಗೆ ಸೀಮಿತವಾಗದೆ ಪ್ರತಿಯೊಂದು ಕಾಲೇಜಿಗೂ ತಲಪಬೇಕಾಗಿದೆ.

ಪಠ್ಯಪುಸ್ತಕದ ವಿಷಯವನ್ನೇ ನೋಡೋಣ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ವಿಕಲಚೇತನರ ಉಪಯೋಗಕ್ಕಾಗಿ ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಬ್ರೈಲ್, ಧ್ವನಿ ಮುಂತಾದ ರೂಪಗಳಿಗೆ ಪರಿವರ್ತಿಸಲು ಹಕ್ಕುದಾರರ ಅನುಮತಿ ಬೇಕಿಲ್ಲ. ಇದೇ ಉದ್ದೇಶದ ಮರಾಕೇಶ್ ಅಂತರರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶ ಭಾರತ. ಆದರೂ ಕನ್ನಡ ಓದುವ ಅಂಧ ವಿದ್ಯಾರ್ಥಿಗೆ ಒಂದು ವಿಶೇಷ ತೊಡಕಿದೆ. ಯೂನಿಕೋಡ್‌ಗೆ ಮುಂಚಿನ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತವನ್ನಾಗಲಿ, ಚಿತ್ರರೂಪದಲ್ಲಿ ಸೆರೆಹಿಡಿದ ಪುಟವನ್ನಾಗಲಿ ಕಂಪ್ಯೂಟರಿನ ಓದುವ ತಂತ್ರಾಂಶವು ಸರಿಯಾಗಿ ಉಚ್ಚರಿಸಲಾರದು. ಅಧ್ಯಾಪಕರು ತಮ್ಮ ಟಿಪ್ಪಣಿಗಳನ್ನು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿಸಿದರೆ ಅದೇ ವಿದ್ಯಾರ್ಥಿಯು ಯಾರ ನೆರವೂ ಇಲ್ಲದೆ ಓದಬಲ್ಲನು. ಅನುವಾದವೇ ವೃತ್ತಿಯಾದ ನನ್ನಂಥವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಓದುಗನನ್ನು ತಲಪದ ಪಠ್ಯವು ಎಷ್ಟೇ ಶುದ್ಧವಾಗಿದ್ದರೂ ಅವನ ಪಾಲಿಗೆ ಇಲ್ಲದಂತೆಯೇ.

ಹಣ ಬೇಡದ ಸುಧಾರಣೆಗಳೂ ಉಂಟು. ಕಪ್ಪುಹಲಗೆಯ ಮೇಲೆ ಬರೆದುದನ್ನು ಗಟ್ಟಿಯಾಗಿ ಓದಿದರೆ ದೃಷ್ಟಿದೋಷವುಳ್ಳವರಿಗೆ ಪಾಠ ತಿಳಿಯುತ್ತದೆ. ತರಗತಿಯ ಕಡೆ ಮುಖಮಾಡಿ ಮಾತನಾಡಿದರೆ ತುಟಿಚಲನೆಯನ್ನು ಗಮನಿಸುವವರಿಗೆ ಅನುಕೂಲವಾಗುತ್ತದೆ. ಗಾಲಿಕುರ್ಚಿಯ ವಿದ್ಯಾರ್ಥಿಯಿರುವ ತರಗತಿಯನ್ನು ಮೇಲಂತಸ್ತಿನಿಂದ ನೆಲಮಹಡಿಗೆ ಬದಲಾಯಿಸಲು ಪ್ರಾಂಶುಪಾಲರ ಒಂದು ಆದೇಶ ಸಾಕು.

ಪರೀಕ್ಷೆಯ ಬಗೆಗೂ ನಿಯಮಗಳಿವೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ಅರ್ಹ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಕಾಲವನ್ನೂ ಲಿಪಿಕಾರರ ನೆರವನ್ನೂ ಒದಗಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಶ್ ಕುಮಾರ್ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ವೈಕಲ್ಯವು ಶೇಕಡ 40ಕ್ಕಿಂತ ಕಡಮೆಯಿದೆ ಎಂಬ ಕಾರಣದಿಂದ ಲಿಪಿಕಾರರನ್ನು ನಿರಾಕರಿಸಲಾಗದೆಂದು 2021ರಲ್ಲಿ ತೀರ್ಪಿತ್ತಿತು. ಅದಕ್ಕೆ ಅನುಗುಣವಾಗಿ 2022ರಲ್ಲಿ ಪ್ರತ್ಯೇಕ ಮಾರ್ಗಸೂಚಿಯೂ ಹೊರಬಂದಿತು. ಕಟ್ಟಡ ಮತ್ತು ಬೋಧನಕ್ರಮಗಳೆರಡೂ ಸುಗಮವಾಗಿರಬೇಕೆಂದು ನ್ಯಾಯಾಲಯವು 2017ರಲ್ಲಿಯೇ ನಿರ್ದೇಶಿಸಿತ್ತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರಲ್ಲಿ ಇದಕ್ಕಾಗಿ ಮಾನದಂಡಗಳನ್ನು ಪ್ರಕಟಿಸಿತು.

ಹೀಗೆ ನಿಯಮಗಳಿಗೆ ಕೊರತೆಯಿಲ್ಲ. ಅವು ತಿಳಿಯದಿರುವುದರಿಂದಲೇ ಅನೇಕರು ಓದನ್ನು ನಡುವೆ ಬಿಡುವ ಸಂಭವವಿದೆ. ಆದುದರಿಂದ ವಿದ್ಯಾರ್ಥಿಗಳೂ ಪೋಷಕರೂ ತಮಗೆ ಬೇಕಾದ ಅನುಕೂಲಗಳನ್ನು ವರ್ಷದ ಆರಂಭದಲ್ಲಿಯೇ ಲಿಖಿತವಾಗಿ ಪ್ರಾಂಶುಪಾಲರಿಗೆ ಸಲ್ಲಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಪರಿಹಾರ ದೊರೆಯದಿದ್ದಲ್ಲಿ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ನೀಡುವ ಹಕ್ಕು ಅವರಿಗಿದೆ. ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲ ದಿನವೇ ಆ ವಿದ್ಯಾರ್ಥಿಯನ್ನು ಕರೆದು, ಪಾಠ ತಲಪಲು ಏನು ಬೇಕೆಂದು ಕೇಳಿರಿ. ಅವನಿಗೆ ಅಥವಾ ಅವಳಿಗೆ ತಿಳಿದಷ್ಟು ಮತ್ತಾರಿಗೂ ಅದು ತಿಳಿದಿರುವುದಿಲ್ಲ.