ಹಳೆಯ ಚಹಾದ ರುಚಿ ನೋಡುವ ಬಗೆ



ನಮ್ಮ ಮನೆಗಳಲ್ಲಿ ಚಹಾಪುಡಿ ಹಳತಾಗಿ ಘಮ ಕಳೆದುಕೊಂಡರೆ ಅದು ಗಿಡದ ಬುಡ ಸೇರುತ್ತದೆ. ಆದರೆ ಚೀನಾದ ಯುನ್ನಾನ್ ಪ್ರಾಂತ್ಯದ ಪು-ಅರ್ ಚಹಾ ಇಪ್ಪತ್ತು, ಮೂವತ್ತು ವರ್ಷ ಹಳತಾದಷ್ಟೂ ಅದಕ್ಕೆ ಬೆಲೆ ಹೆಚ್ಚು. ಏಕಿರಬಹುದು?

ಹಸಿರು ಚಹಾ ಮಾಡುವಾಗ ಎಲೆಯನ್ನು ಚೆನ್ನಾಗಿ ಕಾಯಿಸಿ ಅದರಲ್ಲಿನ ಕಿಣ್ವಗಳನ್ನು ನಿಷ್ಕ್ರಿಯಗೊಳಿಸುತ್ತಾರೆ. ಪು-ಅರ್ ಎಲೆಯನ್ನಾದರೋ ಬಾಣಲೆಯಲ್ಲಿ ಹದವಾಗಿ ಬಾಡಿಸಿ, ಬಿಸಿಲಿನಲ್ಲಿ ಒಣಗಿಸಿ, ಹಬೆಯಲ್ಲಿ ಮೆದುವಾಗಿಸಿ ಬಿಲ್ಲೆಯಾಗಿ ಒತ್ತುತ್ತಾರೆ. ಒಂದು ಬಿಲ್ಲೆಯ ವಾಡಿಕೆಯ ತೂಕ 357 ಗ್ರಾಂ. ಉಳಿದ ಕಿಣ್ವಗಳು, ಗಾಳಿ, ತೇವ, ಸೂಕ್ಷ್ಮಜೀವಿಗಳು ವರ್ಷಗಟ್ಟಲೆ ಅದರ ಮೇಲೆ ಕೆಲಸ ಮಾಡುತ್ತವೆ. ಕಹಿಗೂ ಒಗರಿಗೂ ಕಾರಣವಾದ ಕ್ಯಾಟೆಚಿನ್‌ಗಳು ಕಡಿಮೆಯಾಗಿ ಕಂದುಬಣ್ಣದ ವಸ್ತುಗಳು ಹೆಚ್ಚುತ್ತವೆ.

ಇಷ್ಟು ಕಾಲ ಕಾಯುವವರು ಯಾರು? 1973ರಲ್ಲಿ ಕುನ್‌ಮಿಂಗ್ ಚಹಾ ಕಾರ್ಖಾನೆಯಲ್ಲಿ ಒಂದು ಅಡ್ಡದಾರಿ ರೂಪುಗೊಂಡಿತು. ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಮುಚ್ಚಿಡುವುದು. ಗೊಬ್ಬರದ ಗುಂಡಿಯಂತೆ ರಾಶಿ ತಾನೇ ಬಿಸಿಯೇರುತ್ತದೆ. ಆಸ್ಪರ್ಜಿಲಸ್ ನೈಗರ್‌ನಂಥ ಶಿಲೀಂಧ್ರಗಳು ಕೆಲವೇ ವಾರಗಳಲ್ಲಿ ಅದನ್ನು ಮಾಗಿಸುತ್ತವೆ.

ತೊಡಕು ಇರುವುದು ಇಲ್ಲೇ. ಹೀಗೆ ಮಾಗಿಸಿದ ಹೊಸ ಚಹಾವೂ ಬಟ್ಟಲಿನಲ್ಲಿ ಕಡುಗಂದು, ಮೂವತ್ತು ವರ್ಷದ ಚಹಾವೂ ಕಂದು. ನಮ್ಮ ಕ್ಯಾಮೆರಾಕ್ಕೆ ಬಣ್ಣವಷ್ಟೇ ಗೊತ್ತು. ಅದನ್ನು ನಂಬಿದರೆ ಮೋಸಹೋದಂತೆಯೇ. ಹೊದಿಕೆಯ ಕಾಗದದ ಮೇಲಿನ ಇಸವಿಯೂ ಸುಳ್ಳಾಗಿರಬಹುದು. 2007ರಲ್ಲಿ ಈ ಚಹಾದ ಬೆಲೆ ಹುಚ್ಚಾಪಟ್ಟೆ ಏರಿ ಕುಸಿದಾಗ, ರುಚಿ ನೋಡದೆ ಲಾಭಕ್ಕೆಂದೇ ಕೊಂಡಿಟ್ಟವರು ಕೈಸುಟ್ಟುಕೊಂಡರು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಮುಚ್ಚಳವಿರುವ ಪುಟ್ಟ ಬಟ್ಟಲಿಗೆ ಐದಾರು ಗ್ರಾಂ ಎಲೆ ಹಾಕಿ, ಕುದಿಯುವ ನೀರೆರೆದು, ಮೊದಲ ನೀರನ್ನು ಚೆಲ್ಲಿಬಿಡಿ. ಮತ್ತೆ ನೀರೆರೆದು ಮುಚ್ಚಳವನ್ನು ಮೂಸಿ ನೋಡಿ. ಹಳೆಯ ಮರದ, ಒಣಮಣ್ಣಿನ ವಾಸನೆ ಸರಿಯೇ. ಮುಗ್ಗಲು ವಾಸನೆ ಬಂದರೆ ಬಟ್ಟಲನ್ನು ಕೆಳಗಿಡಿ, ಇಸವಿ ಏನೇ ಇರಲಿ. ಒಂದು ಗುಟುಕನ್ನು ನಾಲಿಗೆಯ ತುಂಬ ಆಡಿಸಿ ನುಂಗಿ, ತುಸು ಕಾಯಿರಿ. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಸಿಹಿಯಾಗುತ್ತದಲ್ಲ, ಹಾಗೆ ಗಂಟಲಲ್ಲಿ ಒಂದು ಸಿಹಿ ಮರಳಿ ಬರುತ್ತದೆ. ಚೀನೀಯರು ಇದನ್ನು ‘ಹುಯ್ ಗಾನ್’ ಎನ್ನುತ್ತಾರೆ. ಅದೇ ಎಲೆಗೆ ಹತ್ತು ಸಲವಾದರೂ ನೀರೆರೆಯಬಹುದು. ಪ್ರತಿ ಸಲವೂ ರುಚಿ ಬೇರೆ.

ಕೊನೆಗೆ ನೆನೆದ ಎಲೆಯನ್ನು ಬೆರಳಲ್ಲಿ ಬಿಡಿಸಿ ನೋಡಿ. ರಾಶಿಯಲ್ಲಿ ಮಾಗಿಸಿದ ಎಲೆ ಸಾಮಾನ್ಯವಾಗಿ ಕಪ್ಪಗಿದ್ದು ಸುಲಭವಾಗಿ ಹರಿಯುತ್ತದೆ. ತಾನಾಗಿಯೇ ಹಳತಾದ ಒಳ್ಳೆಯ ಎಲೆ ಕಂದುಬಣ್ಣಕ್ಕೆ ತಿರುಗಿದ್ದರೂ ಇನ್ನೂ ಬಳುಕುತ್ತದೆ.