ಬೆಳಕು ಮತ್ತು ದರ್ಶನ

(ಪಂಚಕಲ್ಯಾಣ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನಂತೆ ತೋರುವುದನ್ನು ತಾವೆಲ್ಲರೂ ನೋಡಿದ್ದೀರಿ. ಅಮಾವಾಸ್ಯೆಯ ಕಗ್ಗತ್ತಲಲ್ಲಿ ಮೋಡ ಕವಿದಾಗ ಅಲ್ಲಿಯೇ ನಿಂತರೂ ಆ ರೂಪವು ಕಾಣದು. ಬೆಟ್ಟವು ಎಲ್ಲಿಗೂ ಹೋಗಿಲ್ಲ. ನಮ್ಮ ಕಣ್ಣಿಗೂ ಕುಂದು ಬಂದಿಲ್ಲ. ಇಲ್ಲದಿರುವುದು ಬೆಳಕು ಮಾತ್ರ.

ಕಣ್ಣಿನಿಂದ ಯಾವ ಕಿರಣವೂ ಹೊರಟು ವಸ್ತುವನ್ನು ಮುಟ್ಟುವುದಿಲ್ಲ. ಸೂರ್ಯನ ಬೆಳಕು ಸುಮಾರು 8 ನಿಮಿಷ 20 ಸೆಕೆಂಡುಗಳಲ್ಲಿ ಭೂಮಿಯನ್ನು ತಲುಪುತ್ತದೆ. ಅದು ಬಂಡೆಯ ಮೇಲೆ ಬಿದ್ದು, ಚದುರಿ, ಅದರ ಒಂದಂಶವು ನಮ್ಮ ಕಣ್ಣನ್ನು ಪ್ರವೇಶಿಸಿದಾಗಲೇ ಬಂಡೆಯು ಗೋಚರಿಸುತ್ತದೆ.

ಬಣ್ಣದ ವಿಷಯವೂ ಹೀಗೆಯೇ. ಕೆಂಪು ಸೀರೆಯು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಂಪನ್ನೇ ಹೆಚ್ಚಾಗಿ ಹಿಂದಿರುಗಿಸಿ ಉಳಿದುದನ್ನು ಹೀರಿಕೊಳ್ಳುತ್ತದೆ. ದೀಪದ ಬೆಳಕಿನಲ್ಲಿ ಕೊರತೆಯಿದ್ದರೆ ಸೀರೆಯ ಬಣ್ಣವೂ ಬೇರೆಯಾಗಿ ತೋರುತ್ತದೆ. ಆದುದರಿಂದಲೇ ತಿಳಿದ ಗಿರಾಕಿಯು ಬಟ್ಟೆಯನ್ನು ಅಂಗಡಿಯ ಬಾಗಿಲಿಗೆ ತಂದು ಹಗಲ ಬೆಳಕಿನಲ್ಲಿ ನೋಡುತ್ತಾನೆ. ಯಾದಗಿರಿ, ಸುರಪುರಗಳ ಪೇಟೆಯಲ್ಲಿ ವ್ಯಾಪಾರ ಮಾಡುವ ನಾವು, ಅವನು ಕೇಳುವ ಮೊದಲೇ ಹೊರಗೆ ತಂದು ತೋರಿಸುವುದು ಸತ್ಯಾಣುವ್ರತಕ್ಕೆ ಒಪ್ಪುವ ನಡೆ.

ಬೆಳಕಿನ ವಿಚಾರ ನಮ್ಮ ಸಮಾಜಕ್ಕೆ ಹೊಸತಲ್ಲ. ತತ್ತ್ವಾರ್ಥಸೂತ್ರವು ಬೆಳಕು, ನೆರಳು, ಕತ್ತಲೆಗಳನ್ನು ಪುದ್ಗಲದ ಪರ್ಯಾಯಗಳಲ್ಲಿ ಎಣಿಸಿದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಿಯಮಕ್ಕೆ ಇದೂ ಒಂದು ಕಾರಣ: ಮಂದ ಬೆಳಕಿನಲ್ಲಿ ಅನ್ನದೊಳಗಿನ ಸಣ್ಣ ಹುಳು ಕಾಣದು, ಕಾಣದ ಜೀವವನ್ನು ಕಾಪಾಡಲಾಗದು. ದೀಪ ಹಚ್ಚಿದರೆ ಆ ದೀಪವೇ ಹುಳುಗಳನ್ನು ಕರೆಯುತ್ತದೆ.

ಇನ್ನು, ಹೊರಗೆ ಬೆಳಕಿದ್ದರೂ ಅದು ಒಳಹೋಗಲಾರದ ಸ್ಥಿತಿಯೊಂದುಂಟು. ಕಣ್ಣೊಳಗಿನ ಮಸೂರವು ಮಬ್ಬಾದರೆ ಅದನ್ನೇ ಪೊರೆ ಎನ್ನುತ್ತೇವೆ. ಎಷ್ಟೋ ಹಿರಿಯರು "ವಯಸ್ಸಾಯಿತು, ಇನ್ನೇನು" ಎಂದು ಮೂಲೆ ಹಿಡಿಯುತ್ತಾರೆ. 2005ರಲ್ಲಿ ನಿಧನರಾದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸಿ ಅಸಂಖ್ಯ ಬಡವರ ಪೊರೆ ತೆಗೆದರು. ಇಂದು ಮಬ್ಬಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಇರಿಸುತ್ತಾರೆ. ಅನೇಕರು ಅದೇ ದಿನ ಮನೆಗೆ ಮರಳುತ್ತಾರೆ.

ಬಂಧುಗಳೇ, ಬಸದಿಗೆ ಕೈಹಿಡಿಸಿಕೊಂಡು ಬಂದು, ಜಿನಬಿಂಬದೆದುರು ಕುಳಿತೂ ಅದನ್ನು ಕಾಣಲಾರದ ಹಿರಿಯರು ನಮ್ಮ ಮನೆಗಳಲ್ಲಿಯೂ ಇರಬಹುದು. ಅಂಥವರನ್ನು ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಇಂದು ಪ್ರತಿಷ್ಠೆಗೊಂಡ ಬಿಂಬದ ದರ್ಶನವು ಅವರಿಗೂ ಲಭಿಸಲಿ. ಈ ಉತ್ಸವಕ್ಕೆ ನಾವು ಕೊಡುವ ಕಾಣಿಕೆಗಳಲ್ಲಿ ಅದೂ ಒಂದಾಗಲಿ.

ಜೈ ಜಿನೇಂದ್ರ.