ನರ್ಸಿಂಗ್ ಶಾಲೆ ಸೇರುವ ಮುನ್ನ



ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ವಾರ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: 'ನರ್ಸಿಂಗಿಗೆ ಸೇರಿಸೋಣವೇ?' ಕಬ್ಬಿನ ಬಿಲ್ಲು ಕೈಗೆ ಬಂದಿದೆಯೇ, ತಂಬಾಕಿನ ಗೋದಾಮಿನಲ್ಲಿ ದುಡಿಯುವ ತಾಯಿ ಉಳಿಸಿದ ಹಣ ಸಾಕಾದೀತೇ ಎಂಬ ಲೆಕ್ಕವೂ ಅದರ ಬೆನ್ನಿಗೇ ಬರುತ್ತದೆ. ಸರ್ಕಾರಿ ಶಾಲೆಯಲ್ಲಿ ಸೀಟು ಕಡಿಮೆ, ಶುಲ್ಕವೂ ಕಡಿಮೆ. ಖಾಸಗಿ ಶಾಲೆಯಲ್ಲಿ ಸೀಟು ಸುಲಭ, ಶುಲ್ಕ ದುಬಾರಿ. ಇವೆರಡನ್ನೂ ತೂಗಿ ನೋಡುವುದು ಹೇಗೆ ಎಂಬುದೇ ಈ ಭಾಷಣದ ವಿಷಯ.

ಮೊದಲು ಓದಿನ ಬಗೆಗಳನ್ನು ತಿಳಿಯೋಣ. ಎ.ಎನ್.ಎಂ. 2 ವರ್ಷದ ತರಬೇತಿ. ಹಳ್ಳಿಯ ಆರೋಗ್ಯ ಉಪಕೇಂದ್ರಗಳಲ್ಲಿ ತಾಯಿ-ಮಗುವಿನ ಆರೈಕೆ ಮಾಡುವವರು ಇದನ್ನು ಓದಿದವರು. ಜಿ.ಎನ್.ಎಂ. 3 ವರ್ಷದ ಡಿಪ್ಲೊಮಾ, ಪಿ.ಯು.ಸಿ.ಯಲ್ಲಿ ಕಲೆ, ವಾಣಿಜ್ಯ ಓದಿದವರಿಗೂ ಇದರ ಬಾಗಿಲು ತೆರೆದಿದೆ. ಬಿ.ಎಸ್ಸಿ. ನರ್ಸಿಂಗ್ 4 ವರ್ಷದ ಪದವಿ; ಇದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. 2023ರಿಂದ ಈ ಪದವಿಗೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿ.ಇ.ಟಿ. ನಡೆಸುತ್ತಿದೆ. ಪರೀಕ್ಷೆಯ ಅರ್ಜಿ ತುಂಬಲು ಮರೆತವರು ಸರ್ಕಾರಿ ಸೀಟಿನ ಆಸೆಯನ್ನು ಅಲ್ಲಿಗೇ ಬಿಟ್ಟಂತೆ.

ಈಗ ಹಣದ ವಿಚಾರ. ನಮ್ಮ ದೇಶದಲ್ಲಿ ಕಾಗದದ ಮೇಲೆ 'ಲಾಭದ ಶಾಲೆ' ಎಂಬುದೇ ಇಲ್ಲ. ಖಾಸಗಿ ಕಾಲೇಜುಗಳನ್ನು ಟ್ರಸ್ಟುಗಳು, ಸಂಘಗಳು ನಡೆಸುತ್ತವೆ. ಕರ್ನಾಟಕವು 1984ರಲ್ಲೇ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ಮಾಡಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಉಳಿತಾಯ ಮಾಡಬಹುದು, ಲಾಭಕೋರತನ ಸಲ್ಲದು ಎಂದು ಹೇಳಿತು. ಆದರೂ ಪ್ರವೇಶದ ವೇಳೆ ಹೇಳುವ ಮೊತ್ತ ಒಂದಿರುತ್ತದೆ. ಸಮವಸ್ತ್ರ, ಹಾಸ್ಟೆಲ್, ವಾಹನ, ಪರೀಕ್ಷೆ ಎಂದು ಕೊನೆಗೆ ಕಟ್ಟುವ ಮೊತ್ತ ಇನ್ನೊಂದಾಗುತ್ತದೆ. ಆದ್ದರಿಂದ ಪೂರ್ತಿ ಅವಧಿಯ ಎಲ್ಲ ಶುಲ್ಕಗಳನ್ನೂ ಬರೆಹದಲ್ಲಿ ಕೇಳಿರಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ.

ಹಾಗಾದರೆ ಖಾಸಗಿ ಎಂದರೆ ಕೆಟ್ಟದ್ದೇ? ಹಾಗೆ ಹೇಳಲಾಗದು. ನರ್ಸಿಂಗ್ ಕಲಿಕೆಯ ಬೇರು ಇರುವುದು ಆಸ್ಪತ್ರೆಯಲ್ಲಿ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ತಮ್ಮ ಶಾಲೆಯನ್ನು ತೆರೆದದ್ದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯೊಳಗೆ. ನಮ್ಮ ಗಡಿಯಾಚೆಯ ಮಿರಜದಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಕಟ್ಟಿದ ಮಿಷನ್ ಆಸ್ಪತ್ರೆಯ ಸುತ್ತಲೂ ನರ್ಸಿಂಗ್ ಶಿಕ್ಷಣ ಬೆಳೆಯಿತು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ನರ್ಸಿಂಗ್ ಕಾಲೇಜಿಗೆ ಅದೇ ಸಂಸ್ಥೆಯ ದೊಡ್ಡ ಆಸ್ಪತ್ರೆಯ ಆಸರೆಯಿದೆ. ಇವೂ ಸರ್ಕಾರದವಲ್ಲ. ಆದರೆ ಕಲಿಯುವವರ ಮುಂದೆ ರೋಗಿಗಳಿದ್ದಾರೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಶಾಲೆಗೆ 100 ಹಾಸಿಗೆಗಳ ಮಾತೃ ಆಸ್ಪತ್ರೆ ಇರಬೇಕು. ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ 3 ರೋಗಿಗಳು ಸಿಗಬೇಕು. ವರ್ಷಕ್ಕೆ 40 ಸೀಟುಗಳ ಪದವಿ ಕಾಲೇಜಿನಲ್ಲಿ 4 ವರ್ಷಕ್ಕೆ 160 ವಿದ್ಯಾರ್ಥಿಗಳು. ಅವರಲ್ಲಿ ಅರ್ಧದಷ್ಟು ಮಂದಿ ಒಂದೇ ಹೊತ್ತಿಗೆ ವಾರ್ಡಿಗೆ ಬಂದರೂ 240 ರೋಗಿಗಳು ಬೇಕು. ನಮ್ಮ ತಾಲೂಕು ಆಸ್ಪತ್ರೆಗಳು ಸಾಮಾನ್ಯವಾಗಿ 100 ಹಾಸಿಗೆಗಳವು. ಸ್ವಂತ ಆಸ್ಪತ್ರೆಯಿಲ್ಲದ ಮೂರು ಶಾಲೆಗಳು ಅಂಥ ಒಂದೇ ಆಸ್ಪತ್ರೆಗೆ ಮಕ್ಕಳನ್ನು ಕಳಿಸಿದರೆ ಏನಾದೀತು? ಒಬ್ಬರು ಸೂಜಿ ಚುಚ್ಚುತ್ತಾರೆ, ಹತ್ತು ಮಂದಿ ಇಣುಕಿ ನೋಡುತ್ತಾರೆ. ಹಾಜರಿ ಪುಸ್ತಕದಲ್ಲಿ ಮಾತ್ರ ಹನ್ನೊಂದು ಮಂದಿಯೂ ಕಲಿತಿರುತ್ತಾರೆ. ನಾಳೆ ನಡುರಾತ್ರಿ ಹೆರಿಗೆಗೆ ಬಂದ ಬಾಣಂತಿಗೆ ರಕ್ತಸ್ರಾವವಾದಾಗ, ಆ ಹತ್ತು ಮಂದಿಯಲ್ಲಿ ಒಬ್ಬರೇ ಪಾಳಿಯಲ್ಲಿರಬಹುದು. ಆ ಬಾಣಂತಿ ನಿಮ್ಮೂರಿನವಳೇ ಆಗಿರಬಹುದು.

ಈ ತೊಂದರೆ ನಮ್ಮಲ್ಲಿ ಮಾತ್ರ ಇದೆ ಎಂದು ತಿಳಿಯಬೇಡಿ. ಅಮೆರಿಕದಲ್ಲಿ 1950ರ ದಶಕದಿಂದ ಸಮುದಾಯ ಕಾಲೇಜುಗಳು ಕಡಿಮೆ ಶುಲ್ಕದಲ್ಲಿ 2 ವರ್ಷದ ನರ್ಸಿಂಗ್ ಶಿಕ್ಷಣ ಕೊಡುತ್ತಾ ಬಂದಿವೆ. ಅಲ್ಲಿ ಸೀಟಿಗಾಗಿ ಕಾಯಲಾರದವರು ಲಾಭದ ಶಾಲೆಗಳಿಗೆ ಸಾಲ ಮಾಡಿ ಸೇರುತ್ತಾರೆ. ನರ್ಸಿಂಗನ್ನೂ ಕಲಿಸುತ್ತಿದ್ದ ಐ.ಟಿ.ಟಿ. ಟೆಕ್ ಎಂಬ ಅಂಥ ಸಂಸ್ಥೆ 2016ರಲ್ಲಿ ದಿಢೀರನೆ ಬಾಗಿಲು ಮುಚ್ಚಿದಾಗ ಸುಮಾರು 40,000 ವಿದ್ಯಾರ್ಥಿಗಳ ಓದು ಅರ್ಧಕ್ಕೆ ನಿಂತಿತು.

ನಮ್ಮಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಆರು ತಿಂಗಳು, ಒಂದು ವರ್ಷದ 'ನರ್ಸಿಂಗ್ ಅಸಿಸ್ಟೆಂಟ್' ಸರ್ಟಿಫಿಕೇಟುಗಳ ಜಾಹೀರಾತು ಊರೂರಿನಲ್ಲಿ ಕಾಣುತ್ತದೆ. ಅವು ಸಹಾಯಕರ ಕೆಲಸಕ್ಕೆ ಉಪಯೋಗವಾಗಬಹುದು. ಅವುಗಳಿಂದ ನೋಂದಾಯಿತ ನರ್ಸ್ ಆಗಲು ಸಾಧ್ಯವಿಲ್ಲ. ನೋಂದಣಿ ಮಾಡುವುದು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತು. ನೀವು ಸೇರುವ ಶಾಲೆಯ ಹೆಸರು ಅಲ್ಲಿದೆಯೇ, ಪದವಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಮಾನ್ಯ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ ಎಂದು ವಿಚಾರಿಸಿ. ಕಾಗವಾಡದವರಿಗೆ ಮಿರಜ, ನಿಪ್ಪಾಣಿಯವರಿಗೆ ಕೊಲ್ಲಾಪುರ ಬೆಳಗಾವಿಗಿಂತ ಹತ್ತಿರ. ಅಲ್ಲಿ ಓದಿದವರ ಹೆಸರು ಮೊದಲು ಮಹಾರಾಷ್ಟ್ರದ ಪರಿಷತ್ತಿನಲ್ಲಿ ದಾಖಲಾಗುತ್ತದೆ. ಕರ್ನಾಟಕದಲ್ಲಿ ಕೆಲಸ ಮಾಡಲು ಇಲ್ಲಿಯೂ ನೋಂದಣಿ ಮಾಡಿಸಬೇಕು ಎಂಬುದು ನೆನಪಿರಲಿ.

ಹಾಗಾದರೆ ಆಯ್ಕೆಯ ಕ್ರಮ ಯಾವುದು? ಮೊದಲು ಸರ್ಕಾರಿ ಸೀಟಿಗೆ ಪ್ರಯತ್ನಿಸಿ, ಊರು ದೂರವಾದರೂ ಸರಿ. ಅದು ಸಿಗದಿದ್ದರೆ ಆಸ್ಪತ್ರೆಯುಳ್ಳ ಖಾಸಗಿ ಸಂಸ್ಥೆಯನ್ನು ಹುಡುಕಿ. ಹೊಲ ಅಡವಿಡುವ ಮೊದಲು ಬ್ಯಾಂಕಿನಲ್ಲಿ ಕೇಳಿ. 4 ಲಕ್ಷ ರೂಪಾಯಿಯವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲ. ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಿ. ಮೂಲ ಅಂಕಪಟ್ಟಿಯನ್ನು ಪರಿಶೀಲನೆಗೆ ತೋರಿಸಿ ವಾಪಸು ಪಡೆಯಿರಿ. ಅದನ್ನು ಕಾಲೇಜಿನಲ್ಲಿ ಇಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲೇ ತಿಳಿಸಿದೆ.

ಕಟ್ಟಡ ಮಾತ್ರ ಇರುವ ಶಾಲೆಯಲ್ಲಿ 4 ವರ್ಷ ಕಳೆಯುವುದಕ್ಕಿಂತ ಒಂದು ವರ್ಷ ಕಾದು ಮತ್ತೆ ಪರೀಕ್ಷೆ ಬರೆಯುವುದು ಲೇಸು. ಹಣ ಕಟ್ಟುವ ಮೊದಲು ಒಂದು ಬೆಳಿಗ್ಗೆ ತಂದೆ-ತಾಯಿಯೊಡನೆ ಆ ಶಾಲೆಯ ಆಸ್ಪತ್ರೆಗೆ ಹೋಗಿ. ಹಾಸಿಗೆಗಳನ್ನು ಎಣಿಸಿ, ಎಷ್ಟರಲ್ಲಿ ರೋಗಿಗಳಿದ್ದಾರೆ ನೋಡಿ. ಮೂರನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಮಾತನಾಡಿಸಿ, 'ನೀನೇ ಕೈಯಾರೆ ಎಷ್ಟು ಹೆರಿಗೆ ಮಾಡಿಸಿದ್ದೀಯಮ್ಮಾ?' ಎಂದು ಕೇಳಿ. ಅವಳು ತಡವರಿಸಿದರೆ ಮುಂಗಡ ಹಣವನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಮರಳಿ.